ಮಚ್ಚೆಯ ತಪಾಸಣೆ: ಫೋನಿನ ಆ್ಯಪ್ ಸಾಕೇ, ಡರ್ಮೋಸ್ಕೋಪ್ ಬೇಕೇ?

ಚರ್ಮದ ಕ್ಯಾನ್ಸರಿನ ಆರಂಭಿಕ ಲಕ್ಷಣಗಳನ್ನು ಕಂಪ್ಯೂಟರಿನ ನೆರವಿನಿಂದ ಗುರುತಿಸಲು ಬಯಸುವವರ ಮುಂದೆ ಮುಖ್ಯವಾಗಿ ಎರಡು ಆಯ್ಕೆಗಳಿವೆ: ಮಚ್ಚೆಯ ಫೋಟೋ ನೋಡಿ ಅಪಾಯವನ್ನು ಅಂದಾಜಿಸುವ ಫೋನಿನ ಆ್ಯಪ್, ಮತ್ತು ಚರ್ಮವನ್ನು ಹಿಗ್ಗಿಸಿ ನೋಡಲು ಚರ್ಮತಜ್ಞರು ಬಳಸುವ ಡಿಜಿಟಲ್ ಡರ್ಮೋಸ್ಕೋಪ್.

ಆ್ಯಪ್ ಕೈಗೆಟುಕುವ ಸಾಧನವೆಂಬುದು ನಿಜ. ಆದರೆ ಫೋನಿನ ಕ್ಯಾಮೆರಾಕ್ಕೆ ಚರ್ಮದ ಹೊರಪದರವಷ್ಟೇ ಕಾಣುತ್ತದೆ. ಬೆಳಕು, ಕೂದಲು, ಚಿತ್ರದ ಮಸುಕು ಇವುಗಳಿಂದಲೂ ಉತ್ತರ ಬದಲಾಗಬಹುದು. ಎಲ್ಲ ಮೆಲನೋಮಾಗಳನ್ನೂ (ಚರ್ಮದ ಬಣ್ಣದ ಕೋಶಗಳಲ್ಲಿ ಹುಟ್ಟುವ ಅಪಾಯಕಾರಿ ಕ್ಯಾನ್ಸರ್) ಪತ್ತೆಹಚ್ಚುತ್ತವೆಂದು ಇಂಥ ಆ್ಯಪ್‌ಗಳನ್ನು ನೆಚ್ಚುವಂತಿಲ್ಲ ಎಂದು 2020ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ವಿಮರ್ಶೆ ಹೇಳಿತು. ‘ಅಪಾಯವಿಲ್ಲ’ ಎಂಬ ತಪ್ಪು ಉತ್ತರ ನಂಬಿ ತಿಂಗಳುಗಟ್ಟಲೆ ಸುಮ್ಮನಿರುವುದೇ ನನ್ನ ದೃಷ್ಟಿಯಲ್ಲಿ ಅತಿ ದೊಡ್ಡ ಆತಂಕ.

ಡರ್ಮೋಸ್ಕೋಪ್ ಸಾಮಾನ್ಯವಾಗಿ ಸುಮಾರು 10 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಅದರ ಧ್ರುವೀಕೃತ ಬೆಳಕು ಮೇಲ್ಮೈಯ ಹೊಳಪನ್ನು ತಗ್ಗಿಸುವುದರಿಂದ, ಒಳಗಿನ ವರ್ಣದ್ರವ್ಯದ ಜಾಲ, ಚುಕ್ಕೆಗಳು, ಸಣ್ಣ ರಕ್ತನಾಳಗಳು ಕಣ್ಣಿಗೆ ಬೀಳುತ್ತವೆ. ಇದರ ಜೊತೆಗೆ ಇಡೀ ಮೈಯ ಚಿತ್ರಗಳನ್ನು ಸಂಗ್ರಹಿಸಿಟ್ಟು ಮುಂದಿನ ಭೇಟಿಯಲ್ಲಿ ಹೋಲಿಸಿದರೆ, ಹೊಸದಾಗಿ ಮೂಡಿದ ಅಥವಾ ಆಕಾರ ಬದಲಿಸಿದ ಮಚ್ಚೆ ಬೇಗ ಗೊತ್ತಾಗುತ್ತದೆ. ಮಚ್ಚೆಗಳು ಬಹಳಿರುವವರಿಗೆ, ಕುಟುಂಬದಲ್ಲಿ ಮೆಲನೋಮಾ ಕಂಡಿರುವವರಿಗೆ ಇದೇ ಸೂಕ್ತ.

2017ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರ ಕಂಪ್ಯೂಟರ್ ಮಾದರಿ 21 ಚರ್ಮತಜ್ಞರಿಗೆ ಸರಿಸಮನಾಗಿ ಚಿತ್ರಗಳನ್ನು ವಿಂಗಡಿಸಿತ್ತು. ಆದರೆ ಇಂಥ ಮಾದರಿಗಳು ಕಲಿತಿರುವುದು ಹೆಚ್ಚಾಗಿ ಬಿಳಿ ಚರ್ಮದ ಚಿತ್ರಗಳಿಂದ. ಕಪ್ಪು ಚರ್ಮದವರಲ್ಲಿ ಮೆಲನೋಮಾ ಹೆಚ್ಚಾಗಿ ಅಂಗೈ, ಅಂಗಾಲು, ಉಗುರಿನಡಿ ಕಾಣಿಸಿಕೊಳ್ಳುವುದರಿಂದ ಅವರು ಆ ಜಾಗಗಳನ್ನು ವೈದ್ಯರಿಗೇ ತೋರಿಸುವುದು ಲೇಸು.

ಮಚ್ಚೆಯಿಂದ ರಕ್ತ ಬರುತ್ತಿದ್ದರೆ ಅಥವಾ ಅದು ಬೇಗ ಬೆಳೆಯುತ್ತಿದ್ದರೆ ಆ್ಯಪ್ ತೆರೆಯದೆ ನೇರವಾಗಿ ವೈದ್ಯರ ಬಳಿ ಹೋಗಬೇಕು. ಕ್ಯಾನ್ಸರನ್ನು ಖಚಿತಪಡಿಸುವುದು ಬಯಾಪ್ಸಿ (ಚರ್ಮದ ತುಣುಕು ತೆಗೆದು ಮಾಡುವ ಪರೀಕ್ಷೆ) ಮಾತ್ರ.