ಬೆಳಿಗ್ಗೆ ಆಟ ಭರ್ಜರಿ, ಮಧ್ಯಾಹ್ನ ನಿದ್ದೆ

ಮೊನ್ನೆ ಭಾನುವಾರ ಚಿಕ್ಕಮಗಳೂರಿನಲ್ಲಿ ಶಿಕ್ಷಕರಿಗೆ ಅಂತ ಇಂಪ್ರಾವ್ ಆಟಗಳ ಶಿಬಿರ ಇತ್ತು. ಊಟ ಸೇರಿ 500 ರೂಪಾಯಿ. ಕೊಪ್ಪದಿಂದ ಬೆಳಗಿನ ಬಸ್ಸಿಗೆ ತೂಕಡಿಸುತ್ತಾ ಹೋದೆ.

ಇಂಪ್ರಾವ್ ಅಂದರೆ ಮೊದಲೇ ಬರೆದಿಟ್ಟುಕೊಳ್ಳದೆ ನಿಂತಲ್ಲೇ ಕಟ್ಟಿ ಆಡುವುದು. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಹೊಸದೇನಲ್ಲ, ಅಲ್ವಾ? ಅಲ್ಲೂ ಪದ್ಯ ಮಾತ್ರ ಸಿದ್ಧ ಇರುತ್ತದೆ, ಅರ್ಥವನ್ನು ಎದುರಿನವರ ಮಾತು ನೋಡಿಕೊಂಡು ಹೇಳಬೇಕು.

ಮೊದಲ ಆಟ, ಒಬ್ಬರು ಏನೇ ಹೇಳಲಿ, ಒಪ್ಪಿಕೊಂಡು ಮುಂದಕ್ಕೆ ಸೇರಿಸಬೇಕು. 'ಹೌದು, ಮತ್ತೆ' ಅನ್ನಿ ಅಂದರು. ನಮ್ಮ ಕಡೆ 'ಹೌದು ಮತ್ತೆ!' ಅಂದರೆ ಅಲ್ಲಿಗೆ ಮಾತು ಮುಗೀತು ಅಂತ. ಕೊನೆಗೆ 'ಹೌದು, ಆಮೇಲೆ' ಅಂತ ಬದಲಾಯಿಸಿಕೊಂಡೆವು. ಇಪ್ಪತ್ತು ವರ್ಷ 'ತಪ್ಪು, ಕೂತ್ಕೋ' ಅಂದ ಬಾಯಿಗೆ ಇದು ಎಷ್ಟು ಕಷ್ಟ ಅಂತ ಆಡಿದವರಿಗೇ ಗೊತ್ತು.

ಈ ಥರದ ಆಟಗಳನ್ನು ಕಟ್ಟಿದ ವಯೋಲಾ ಸ್ಪೋಲಿನ್ ಶಿಕಾಗೋದಲ್ಲಿ ವಲಸೆ ಬಂದವರ ಮಕ್ಕಳಿಗೆ ನಾಟಕ ಕಲಿಸುತ್ತಿದ್ದವರು. ಭಾಷಣ ಬೇಡ, ಆಡುತ್ತಲೇ ಕಲಿಯಲಿ ಅನ್ನುವುದು ಅವರ ದಾರಿ. ಶಿಬಿರದವರು ಇದನ್ನು ಹೇಳಿದ್ದು ಹೇಗೆ ಗೊತ್ತಾ? ಊಟ ಆದಮೇಲೆ, ಪರದೆ ಎಳೆದು, ಒಂದೂವರೆ ಗಂಟೆ ಪಿಪಿಟಿ ಹಾಕಿ ಭಾಷಣ ಮಾಡಿ! ನನ್ನ ಪಕ್ಕದ ಮೇಡಂ ಗೊರಕೆಯೇ ಹೊಡೆದರು.

ಆದರೂ ಸೋಮವಾರ ಏಳನೇ ಕ್ಲಾಸಿನಲ್ಲಿ ಒಂದು ಆಟ ಆಡಿಸಿಯೇಬಿಟ್ಟೆ. ಸುತ್ತ ಕೂತು ಒಬ್ಬೊಬ್ಬರೂ ಒಂದೊಂದೇ ಪದ ಸೇರಿಸಿ ಕಥೆ ಹೇಳುವುದು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ ಇದರ ಮಜಾನೇ ಬೇರೆ. 'ಆನೆ', 'ರಾತ್ರಿ', 'ತೋಟಕ್ಕೆ', 'ಬಾಳೆ', 'ತಿನ್ನಲು'... ಎಲ್ಲರೂ 'ಬಂತು' ಅಂತ ಕಾಯುತ್ತಿದ್ದರೆ ಸರದಿ ಬಂದ ಹುಡುಗಿ ಒಂದು ಕ್ಷಣ ಯೋಚಿಸಿ 'ಬರಲಿಲ್ಲ' ಅಂದಳು. ಅಯ್ಯೋ ಅಂತ ಇಡೀ ಕ್ಲಾಸು. ಮುಂದಿನವನು 'ಯಾಕಂದ್ರೆ' ಅಂದ, ಅವನ ಪಕ್ಕದವನು 'ಬೆಳಿಗ್ಗೆನೇ', ಆಮೇಲಿನವಳು 'ಮುಗಿಸಿತ್ತು'. ಗಲಾಟೆಗೆ ಹೆಡ್ ಮಾಸ್ಟರ್ ಬಂದು ಇಣುಕಿದರು, ಅದು ಬೇರೆ ಕಥೆ. ಒಂದು ಎಚ್ಚರಿಕೆ: ಗಂಡು ಹುಡುಗರು ಸಿಕ್ಕವರನ್ನೆಲ್ಲ ಮೂರನೇ ವಾಕ್ಯಕ್ಕೇ ಸಾಯಿಸುತ್ತಾರೆ. ಸಾಯಿಸುವ ಹಾಗಿಲ್ಲ ಅಂತ ಮೊದಲೇ ಹೇಳಿಬಿಡಿ.

ಶಿಬಿರ ಮುಂದಿನ ತಿಂಗಳೂ ಇದೆಯಂತೆ. ಊಟದ ತನಕ ಮಾತ್ರ ಇರುತ್ತೇನೆ ಅಂದರೆ 250 ತಗೊಳ್ತಾರಾ ಅಂತ ಕೇಳಬೇಕು.