ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ಪಾಠ: ಸಿಎಸ್ ಅನ್‌ಪ್ಲಗ್ಡ್ ಹೇಗಿದೆ?

ಪ್ರೈಮರಿ ಮಕ್ಕಳಿಗೆ ಕಂಪ್ಯೂಟೇಷನಲ್ ಥಿಂಕಿಂಗ್ (ಸಮಸ್ಯೆಯನ್ನು ಹಂತಹಂತವಾಗಿ ಬಿಡಿಸುವ ಯೋಚನೆಯ ರೀತಿ) ಹೇಳಿಕೊಡಿ ಅಂದ ತಕ್ಷಣ ನಮ್ಮಂಥ ಟೀಚರ್‌ಗಳು "ಕೋಡಿಂಗ್ ಬರಲ್ವಲ್ಲ" ಅಂತ ಹಿಂದೆ ಸರಿಯುತ್ತೇವೆ. ಆ ಭಯ ಬಿಡಿಸೋಕೆ ಸಿಎಸ್ ಅನ್‌ಪ್ಲಗ್ಡ್‌ಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಸಿಎಸ್ ಅಂದರೆ ಕಂಪ್ಯೂಟರ್ ಸೈನ್ಸ್; ಅದನ್ನು ಕಂಪ್ಯೂಟರ್ ಇಲ್ಲದೆ ಕಲಿಸುವ, ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಉಚಿತ ಪಾಠಗಳಿವು. ಬೇಕಾಗುವುದು ಕಾರ್ಡು, ಸೀಮೆಸುಣ್ಣ, ಸ್ವಲ್ಪ ಜಾಗ, ಅಷ್ಟೆ.

ನನಗೆ ತುಂಬ ಹಿಡಿಸಿದ್ದು ಕಾರ್ಡಿನ ಜಾದೂ. ಎರಡು ಬದಿಗೂ ಬೇರೆ ಬೇರೆ ಬಣ್ಣ ಇರುವ ಕಾರ್ಡುಗಳನ್ನು ಮಕ್ಕಳು 5 ಅಡ್ಡಸಾಲು, 5 ಕಂಬಸಾಲಾಗಿ ಮನಸ್ಸಿಗೆ ಬಂದ ಹಾಗೆ ಜೋಡಿಸುತ್ತಾರೆ. "ಇನ್ನೂ ಸ್ವಲ್ಪ ಕಷ್ಟ ಮಾಡೋಣ" ಅಂತ ಟೀಚರ್ ಇನ್ನೊಂದು ಅಡ್ಡಸಾಲು, ಇನ್ನೊಂದು ಕಂಬಸಾಲು ಸೇರಿಸುತ್ತಾರೆ. ಕಷ್ಟ ಏನೂ ಇಲ್ಲ, ಪ್ರತಿ ಸಾಲಿನಲ್ಲೂ ಒಂದು ಬಣ್ಣ ಸಮಸಂಖ್ಯೆಯಲ್ಲಿ ಬರುವ ಹಾಗೆ ಇಡುವುದೇ ಗುಟ್ಟು. ಟೀಚರ್ ಕಣ್ಣು ಮುಚ್ಚಿದಾಗ ಯಾರಾದರೂ ಒಂದು ಕಾರ್ಡು ತಿರುಗಿಸಲಿ. ಬೆಸ ಬಂದ ಅಡ್ಡಸಾಲು, ಬೆಸ ಬಂದ ಕಂಬಸಾಲು ಸೇರುವ ಕಡೆ ಅದು ಸಿಕ್ಕಿಬೀಳುತ್ತದೆ. ಡೇಟಾದಲ್ಲಿ ಆದ ತಪ್ಪನ್ನು ಕಂಪ್ಯೂಟರ್ ಹಿಡಿಯುವ ಒಂದು ದಾರಿಯೂ ಇದೇ. ಇದನ್ನು ಟೀಚರ್‌ಗಳ ತರಬೇತಿಯಲ್ಲಿ ಮಾಡಿಸುವುದಾದರೆ ಗುಟ್ಟು ಮೊದಲೇ ಹೇಳಬೇಡಿ. ಅವರೇ ಹುಡುಕಲಿ, ಮಜಾ ಇರೋದೇ ಅಲ್ಲಿ, ಅಲ್ವಾ?

ಆದರೆ ಆಟ ಆಡಿಸಿ ಸುಮ್ನೆ ಬಿಟ್ಟರೆ ಅದು ಆಟವಾಗಿಯೇ ಉಳಿಯುತ್ತದೆ. "ಹೇಗೆ ಗೊತ್ತಾಯ್ತು? 10 ಸಾಲು ಇದ್ದರೆ? ಎರಡು ಕಾರ್ಡು ತಿರುಗಿಸಿದರೆ?" ಅಂತ ಕೇಳಬೇಕು. ಪಾಠದ ಜೊತೆ ಅದಕ್ಕೆಲ್ಲ ಟಿಪ್ಪಣಿ ಇದೆ, ಓದೋದು ಮಾತ್ರ ಜಾಸ್ತಿ. ಹೊಸಬರ ಪಕ್ಕದಲ್ಲಿ ಅನುಭವ ಇರುವ ಟೀಚರ್ ಒಬ್ಬರು ಕೂತರೆ ಒಳ್ಳೆಯದು. ಕಾರ್ಡುಗಳನ್ನು ದಪ್ಪ ಹಾಳೆಯಲ್ಲೇ ಮಾಡಿಕೊಳ್ಳಿ, ತೆಳು ಹಾಳೆಯಲ್ಲಿ ಹಿಂದಿನ ಬಣ್ಣ ಕಾಣಿಸಿಬಿಡುತ್ತದೆ.