ಸಿಗ್ನಲ್, ಟೆಲಿಗ್ರಾಂ, ಅರಟ್ಟೈ: ಅಮ್ಮ ಉಳಿದದ್ದು ಎಲ್ಲಿ?

2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ಹೊಸ ನಿಯಮಗಳಿಗೆ ಒಪ್ಪಿಗೆ ಕೇಳಿತಲ್ಲ, ಆವತ್ತಿಂದ ಮನೆಯವರನ್ನು ಬೇರೆ ಕಡೆ ಕರೆದುಕೊಂಡು ಹೋಗಬೇಕು ಅಂತ ಹಠ ಹಿಡಿದಿದ್ದೇನೆ. ಮೂರು ಆ್ಯಪ್ ನೋಡಿದ್ದಾಯಿತು. ಆರು ತಿಂಗಳಾದ ಮೇಲೂ ಅಮ್ಮ ಅದನ್ನು ತೆಗೆದು ನೋಡ್ತಾರಾ? ನನಗೆ ಅದೇ ಅಳತೆ.

ಟೆಲಿಗ್ರಾಂಗೆ ಒಪ್ಪಿಸೋದು ಸುಲಭ. ಪರೀಕ್ಷೆಗೆ ಓದುತ್ತಿದ್ದ ತಂಗಿ ಆಗಲೇ ಅಲ್ಲಿದ್ದಳು, ಗೆಳೆಯರು ಒಂದೇ ದಿನದಲ್ಲಿ ಬಂದರು. ಫೋನ್ ಬದಲಾದರೂ ಹಳೇ ಫೋಟೋ, ಮಾತು ಎಲ್ಲ ತಾವಾಗಿ ಬರುತ್ತವೆ. ಯಾಕೆಂದರೆ ಅವೆಲ್ಲ ಕಂಪನಿಯ ಸರ್ವರ್‌ನಲ್ಲೇ ಇರುತ್ತವೆ. ನನಗೆ ಒಗ್ಗದೇ ಇದ್ದದ್ದೂ ಅದೇ. ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರೂ ಓದಲಾಗದ ಬೀಗ ಅಲ್ಲಿ 'ಸೀಕ್ರೆಟ್ ಚಾಟ್'ಗೆ ಮಾತ್ರ, ಅದೂ ಇಬ್ಬರ ನಡುವೆ. ಮನೆ ಗ್ರೂಪ್‌ಗೆ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ 2016ರಿಂದಲೇ ಆ ಬೀಗ ಇರುವಾಗ, ಬಿಟ್ಟು ಬಂದು ಏನು ಸಿಕ್ಕ ಹಾಗಾಯಿತು?

ಅರಟ್ಟೈ ಜೋಹೋ ಕಂಪನಿಯದು. ತಮಿಳಿನಲ್ಲಿ ಹಾಗಂದರೆ ನಮ್ಮ ಹರಟೆಯೇ. 2025ರ ಸೆಪ್ಟೆಂಬರ್‌ನಲ್ಲಿ ಚಿಕ್ಕಪ್ಪನೇ ಲಿಂಕ್ ಕಳಿಸಿ "ನಮ್ಮ ದೇಶದ್ದು ಕಣೋ, ಹಾಕ್ಕೋ" ಅಂದರು. ಹಿರಿಯರೇ ಕರೆದದ್ದು ಇದೊಂದಕ್ಕೆ. ಆದರೆ ಆಗ ಆ ಬೀಗ ಕರೆಗಳಿಗೆ ಮಾತ್ರ ಇತ್ತು, ಮೆಸೇಜ್‌ಗೆ ಇರಲಿಲ್ಲ. ಎರಡು ವಾರದಲ್ಲಿ ಎಲ್ಲರೂ ಹಳೇ ಜಾಗಕ್ಕೆ ವಾಪಸ್.

ಸಿಗ್ನಲ್‌ಗೆ ಕರೆತರೋದು ಜಾಸ್ತಿ ಕಷ್ಟ. ಜಾಹೀರಾತಿಲ್ಲ, ಲಾಭಕ್ಕಲ್ಲದ ಸಂಸ್ಥೆ ನಡೆಸುತ್ತದೆ, ನಾವು ಯಾರ ಜೊತೆ ಯಾವಾಗ ಮಾತಾಡಿದೆವು ಅನ್ನೋ ಲೆಕ್ಕವನ್ನೂ ಇಟ್ಟುಕೊಳ್ಳಲ್ಲ ಅಂತ ಗ್ರೂಪ್‌ಗೆ ಮೂರು ಸಲ ಉದ್ದುದ್ದ ಬರೆದೆ. ಒಬ್ಬರೂ ಬರಲಿಲ್ಲ. "ನಿಮ್ಮತ್ತೆ ಇದ್ರಲ್ಲಿ ಇಲ್ವಲ್ಲೋ" ಅಂದರು ಅಮ್ಮ.

ಕೆಲಸ ಮಾಡಿದ್ದು ಅಕ್ಕನ ಮಗು. ಕೂಸಿನ ಫೋಟೋ ಸಿಗ್ನಲ್‌ನಲ್ಲಿ ಮಾತ್ರ ಹಾಕ್ತೀನಿ ಅಂದಳು ಅಕ್ಕ. ದಸರಾ ರಜೆಗೆ ಊರಿಗೆ ಹೋಗಿ ಅಮ್ಮನ ಪಕ್ಕ ಕೂತೆ. ಅಕ್ಷರ ದೊಡ್ಡದು ಮಾಡಿಕೊಟ್ಟೆ. ಪಿನ್ ನಂಬರನ್ನು ಹಾಲಿನ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದಿಟ್ಟೆ. ಆದರೂ ವಾಯ್ಸ್ ಮೆಸೇಜ್ ಕಳಿಸುವಾಗ ಅಮ್ಮನ ಬೆರಳು ಬೇಗ ಎದ್ದುಬಿಡುತ್ತಿತ್ತು. "ಕೂಸೇ, ಊಟ..." ಅಷ್ಟಕ್ಕೇ ಮಾತು ತುಂಡು. ಮೈಕ್ ಒತ್ತಿ ಹೆಬ್ಬೆರಳನ್ನು ಮೇಲಕ್ಕೆ ಜಾರಿಸಿದರೆ ಹಿಡಿದುಕೊಂಡೇ ಇರಬೇಕಿಲ್ಲ ಅಂತ ತೋರಿಸಿದೆ. ಆಮೇಲೆ ಎರಡೆರಡು ನಿಮಿಷದ ಕತೆಗಳು ಹೋದವು.

ಒಂದು ಎಚ್ಚರಿಕೆ. ಸಿಗ್ನಲ್‌ನಲ್ಲಿ ಬ್ಯಾಕಪ್ ನಾವೇ ಆನ್ ಮಾಡಬೇಕು. ಆಂಡ್ರಾಯ್ಡ್ ಫೋನಲ್ಲೇ ಉಳಿಸುವ ಬ್ಯಾಕಪ್‌ಗೆ ಅದು ಕೊಡುವ ಉದ್ದನೆಯ ಗುಪ್ತ ಕೀಲಿಯನ್ನು ಬರೆದಿಟ್ಟುಕೊಳ್ಳಬೇಕು. ನಾನು ಅಪ್ಪನ ಫೋನಿನಲ್ಲಿ ಮಾಡಿರಲಿಲ್ಲ. ಫೋನ್ ನೀರಿಗೆ ಬಿದ್ದಾಗ ಕೂಸಿನ ಮೊದಲ ವರ್ಷದ ಎಷ್ಟೋ ಮೆಸೇಜ್ ಹೋದವು. ಅದು ಇವತ್ತಿಗೂ ನೋವು.

ಮನೆ ಮಾತಿಗೆ ಸಿಗ್ನಲ್, ನೋಟ್ಸ್‌ಗೆ ಟೆಲಿಗ್ರಾಂ ಅಂತ ಈಗ ಇಟ್ಟುಕೊಂಡಿದ್ದೇವೆ. ಗ್ಯಾಸ್, ಹಾಲು, ಬೀದಿಯ ಗ್ರೂಪ್ ವಾಟ್ಸ್‌ಆ್ಯಪ್‌ನಲ್ಲೇ ಇವೆ, ಅದನ್ನು ಅಳಿಸಿಲ್ಲ. ಹೋದ ತಿಂಗಳು ಅತ್ತೆಯೂ ಸಿಗ್ನಲ್‌ಗೆ ಬಂದರು. ಹೆಬ್ಬೆರಳು ಮೇಲಕ್ಕೆ ಜಾರಿಸೋದನ್ನು ಹೇಳಿಕೊಟ್ಟದ್ದು ಅಮ್ಮ.